ಮೇಣದಚ್ಚಿನಲ್ಲಿ ಕಂಚಿನ ವಿಗ್ರಹ ಎರೆಯುವ ಕ್ರಮ

ಮೊಹೆಂಜೊದಾರೊದಲ್ಲಿ ಸಿಕ್ಕ, ಸುಮಾರು 4500 ವರ್ಷಗಳಷ್ಟು ಹಳೆಯ ನರ್ತಕಿಯ ಪ್ರತಿಮೆಯನ್ನು ಮೇಣದಚ್ಚಿನಿಂದಲೇ, ಅಂದರೆ ಮೇಣದ ರೂಪಕ್ಕೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಸುರಿದು ಎರೆಯಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ವಿವರಿಸಿದ ಈ ವಿಧಾನವು ಕುಂಭಕೋಣದ ಸಮೀಪದ ಸ್ವಾಮಿಮಲೈಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ಸ್ಥಪತಿಗಳ (ವಿಗ್ರಹ ಶಿಲ್ಪಿಗಳ) ಗಟ್ಟಿ ಎರಕದ, ಅಂದರೆ ಒಳಗೆ ಪೊಳ್ಳಿಲ್ಲದ ಎರಕದ ಕ್ರಮ ಹೀಗಿದೆ.

ಜೇನುಮೇಣಕ್ಕೆ ರಾಳದ ಪುಡಿಯನ್ನೂ ತುಸು ಕಡಲೆಕಾಯಿ ಎಣ್ಣೆಯನ್ನೂ ಬೆರೆಸಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ತಣ್ಣೀರಿಗೆ ಬಿಡಬೇಕು. ರಾಳ ಹೆಚ್ಚಾದರೆ ವಿಗ್ರಹದ ಬೆರಳುಗಳು ಮುರಿಯುತ್ತವೆ, ಎಣ್ಣೆ ಹೆಚ್ಚಾದರೆ ಬಾಗುತ್ತವೆ. ತೆಂಗಿನ ಗರಿಯ ಪಟ್ಟಿಯನ್ನು ತಾಳಮಾನಕ್ಕೆ (ವಿಗ್ರಹದ ಅಂಗಾಂಗಗಳ ಪ್ರಮಾಣ ಹೇಳುವ ಸಾಂಪ್ರದಾಯಿಕ ಅಳತೆಗೆ) ತಕ್ಕಂತೆ ಮಡಿಸಿ, ಆ ಗುರುತುಗಳ ಅಳತೆಯಲ್ಲಿ ಮೇಣವನ್ನು ರೂಪಿಸಿ, ಲೋಹ ಇಳಿಯಲೊಂದು, ಗಾಳಿ ಹೊರಡಲೊಂದು ಮೇಣದ ಕಡ್ಡಿ ಅಂಟಿಸಬೇಕು.

ಅನಂತರ ತೂಕ. ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರವಾದ್ದರಿಂದ 500 ಗ್ರಾಂ ಮೇಣಕ್ಕೆ ನಾಲ್ಕೂವರೆ ಕೆಜಿ ಲೋಹ ಸಾಕೆಂದು ಲೆಕ್ಕ ಹೇಳುತ್ತದೆ. ಆದರೂ ಐದು ಕೆಜಿ ಕರಗಿಸುವುದೇ ಜಾಣತನ, ಏಕೆಂದರೆ ನಡುವೆ ಲೋಹ ಸಾಲದೆ ನಿಂತ ಎರಕಕ್ಕೆ ಮತ್ತೆ ಸುರಿದರೆ ಬೆಸೆದುಕೊಳ್ಳುವುದಿಲ್ಲ.

ಕೆಲಸದ ಮುಕ್ಕಾಲು ಪಾಲು ಮಣ್ಣಿನದೇ. ಕಾವೇರಿಯ ನುಣುಪಾದ ಮೆಕ್ಕಲು ಮಣ್ಣಿಗೆ ಸುಟ್ಟ ಭತ್ತದ ಹೊಟ್ಟನ್ನು ಅರೆದು ಸೇರಿಸಿ, ಆಭರಣಗಳ ಸಂದುಸಂದಿಗೂ ಇಳಿಯುವಂತೆ ಮೊದಲ ಲೇಪ ತೆಳುವಾಗಿ ಹಚ್ಚಬೇಕು. ವಿಗ್ರಹದ ಮೈಯ ನುಣುಪು ಈ ಪದರದಿಂದಲೇ ಬರುತ್ತದೆ. ಅದು ನೆರಳಿನಲ್ಲಿ ಒಣಗಿದ ಮೇಲೆ ಮರಳು ಬೆರೆಸಿದ ಜೇಡಿಮಣ್ಣಿನ ದಪ್ಪ ಲೇಪಗಳನ್ನು ಕೊಟ್ಟು, ದೊಡ್ಡ ಅಚ್ಚಾದರೆ ಕಬ್ಬಿಣದ ತಂತಿ ಸುತ್ತಬೇಕು. ಬಿಸಿಲಿಗಿಟ್ಟರೆ ಒಳಗಿನ ಮೇಣ ಮೆತ್ತಗಾಗಿ ರೂಪ ಕೆಡುತ್ತದೆ.

ಪೂರ್ತಿ ಒಣಗಿದ ಅಚ್ಚನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಕರಗಿದ ಮೇಣವನ್ನು ಬಸಿದುಕೊಂಡು, ಬಿಸಿಯಿರುವಾಗಲೇ ಬಾಯಿ ಮೇಲಾಗಿ ನೆಲದಲ್ಲಿ ಹೂಳಬೇಕು. ಅಚ್ಚಿನಲ್ಲಿ ತೇವ ಉಳಿದಿದ್ದರೆ ಅದು ಆವಿಯಾಗಿ ಕುದಿಲೋಹವನ್ನು ಮೇಲಕ್ಕೆ ಸಿಡಿಸುತ್ತದೆ. ಈ ಹಂತದಲ್ಲಿ ಅವಸರ ಸಲ್ಲದು. ಮೂಸೆಯಲ್ಲಿ ಕರಗಿದ ಲೋಹವನ್ನು (ಪಂಚಲೋಹವೆಂದರೂ ಬಹುಪಾಲು ತಾಮ್ರ, ಜೊತೆಗೆ ಹಿತ್ತಾಳೆ ಮತ್ತು ಸೀಸ; ಬೆಳ್ಳಿ, ಬಂಗಾರ ಹೆಸರಿಗಷ್ಟೇ) ಸಣ್ಣ ಧಾರೆಯಾಗಿ, ಕಡಿಯದಂತೆ, ಗಾಳಿದಾರಿಯಲ್ಲಿ ಲೋಹ ಕಾಣಿಸುವವರೆಗೆ ಸುರಿಯಬೇಕು.

ತಾನಾಗಿ ತಣಿದ ಮೇಲೆ ಅಚ್ಚು ಒಡೆದು, ಕಡ್ಡಿಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಉಳಿಯಿಂದ ಆಭರಣ, ಉಡುಗೆಗಳ ಗೆರೆಗಳನ್ನು ತಿದ್ದಿ, ಕೊನೆಯಲ್ಲಿ ಹುಣಸೆಹಣ್ಣಿನ ನೀರಿನಿಂದ ತೊಳೆಯಬೇಕು.