ತಿಥಿ ಮುಗಿದ ಮೇಲೆ ಶುರುವಾಗುವ ಕೆಲಸ: ನನ್ನ ಅನುಭವ

ಎರಡು ಸಲ ಸೋತು, ಮೂರನೇ ಸಲಕ್ಕೆ ಕೈಹಿಡಿದ ತರಬೇತಿ ಇದು. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಆಶಾ, ಅಂಗನವಾಡಿ ಮತ್ತು (ಅಂಗವಿಕಲರಿಗಾಗಿ ದುಡಿಯುವ) ಪುನರ್ವಸತಿ ಕಾರ್ಯಕರ್ತೆಯರನ್ನು ಸಾವಾದ ಮನೆಗೆ ಹೋಗಿ ದುಃಖದಲ್ಲಿರುವವರ ಜತೆ ಕೂರಲು ಸಿದ್ಧ ಮಾಡುವ ಕೆಲಸ. ಶುರು ಮಾಡಿದಾಗ ಪರಿಚಯದ ಮನೋವೈದ್ಯರೊಬ್ಬರು, "ಹತ್ತನೇ ಕ್ಲಾಸ್ ಓದಿದವರ ಕೈಲಿ ಇದು ಆಗೋದಲ್ಲ, ಎಡವಟ್ಟು ಮಾಡ್ತಾರೆ" ಅಂದಿದ್ದರು. ಈಗ ಅವರೇ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ಶಿಬಿರಕ್ಕೆ ಬಂದವರಲ್ಲಿ ಕೆಲವರನ್ನು "ನಿಮ್ಮ ಹೆಣ್ಮಕ್ಕಳು ಹೋಗಿ ಕೂತ್ಕೊಳ್ಳಲಿ" ಎಂದು ನಮ್ಮ ಕಡೆ ಕಳಿಸುತ್ತಾರೆ. ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಈ ಕೆಲಸ ಹುಟ್ಟಿದ್ದು 2021ರ ಕೋವಿಡ್ ಎರಡನೇ ಅಲೆಯಲ್ಲಿ. ಸತ್ತವರನ್ನು ಮುಖ ನೋಡಲು ಬಿಡದೆ ಮಣ್ಣು ಮಾಡಿದ್ದರು. ಮನೆಯವರ ಸಿಟ್ಟೆಲ್ಲ ಬಂದು ಬಿದ್ದದ್ದು ಆಶಾ ಮೇಲೆ: "ನೀನೇ ಹೆಸರು ಬರಕೊಂಡು ಹೋದಿ, ನೀನೇ ಗಾಡಿ ತರಿಸಿದಿ." ಆ ಮಾತು ಕೇಳಿಸಿಕೊಂಡ ಹೆಣ್ಣುಮಗಳು ಮರುದಿನ ಅದೇ ಓಣಿಗೆ ಸರ್ವೆಗೆ ಹೋಗಬೇಕಿತ್ತು. ಪರಿಹಾರದ ಅರ್ಜಿಯೂ ಅವಳ ಕೈಯಲ್ಲೇ. ಕೋವಿಡ್ ಸಾವಿಗೆ ಆಗ 50 ಸಾವಿರ, ಬಿಪಿಎಲ್ ಮನೆಯಾದರೆ ರಾಜ್ಯದಿಂದ ಇನ್ನೊಂದು ಲಕ್ಷ ಸಿಗುತ್ತಿತ್ತು. ಆದರೆ ಮನೆಯಲ್ಲೇ ಸತ್ತವರ ಪಾಸಿಟಿವ್ ರಿಪೋರ್ಟ್ ಎಲ್ಲಿಂದ ತರಬೇಕು? ಎಷ್ಟೋ ಮನೆಗಳಲ್ಲಿ ದುಃಖ ಒಂದು ಕಡೆ, ಕಾಗದ ಒಂದು ಕಡೆ ಎಂದು ಬೇರೆ ಮಾಡಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಮೊದಲ ತರಬೇತಿ ಎಲ್ಲರೂ ಮಾಡುವಂಥದ್ದೇ. ಬಾಡಿಗೆ ಹಾಲ್, ಎರಡು ದಿನ, 38 ಜನ, ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿ, ಪ್ರೊಜೆಕ್ಟರಿನಲ್ಲಿ ಶೋಕದ ಐದು ಹಂತ. ಖರ್ಚು ಸುಮಾರು 85 ಸಾವಿರ. ಎರಡನೇ ದಿನ ಮಧ್ಯಾಹ್ನ ರೋಲ್‌ಪ್ಲೇ ಇಟ್ಟಿದ್ದೆವು. ಒಬ್ಬಳು ಮಗನನ್ನು ಕಳೆದುಕೊಂಡ ತಾಯಿ, ಇನ್ನೊಬ್ಬಳು ಕಾರ್ಯಕರ್ತೆ. ತಾಯಿಯ ಪಾತ್ರಕ್ಕೆ ನಾವು ಎಬ್ಬಿಸಿ ನಿಲ್ಲಿಸಿದವಳು ಎಂಟು ತಿಂಗಳ ಹಿಂದೆ ನಿಜವಾಗಿಯೇ ಮಗನನ್ನು ಕಳೆದುಕೊಂಡಿದ್ದಳು. ನಮಗ್ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವಳು ಒಂದು ಮಾತಾಡದೆ ಗೋಡೆಗೆ ಆತುಕೊಂಡು ಕುಸಿದಳು. ನೀರು ಕೊಟ್ಟು ಹೊರಗೆ ಕೂರಿಸಿ, ವೇಳಾಪಟ್ಟಿಯಂತೆ ಮುಂದಿನ ಅವಧಿ ನಡೆಸಿದೆವು. ನಡೆಸಿದವಳು ನಾನೇ. ದುಃಖದ ಬಗ್ಗೆ ಪಾಠ ಹೇಳುವವರ ಕೋಣೆಯಲ್ಲೇ ದುಃಖಕ್ಕೆ ಜಾಗ ಇರಲಿಲ್ಲ.

ಮೂರು ತಿಂಗಳ ನಂತರ ವಿಚಾರಿಸಿದರೆ 38ರಲ್ಲಿ ಐದಾರು ಜನ ಒಂದೊಂದು ಸಲ ಸಾವಿನ ಮನೆಗೆ ಹೋಗಿದ್ದರು. ಹೋದವರೂ ಹೇಳಿದ್ದು ಅದೇ ಹಳೇ ಮಾತು: ಗಟ್ಟಿಯಾಗು, ಮಕ್ಕಳ ಮುಖ ನೋಡು, ಹಣೇಬರಹ. ಎರಡನೇ ಸಲ ಕೈಪಿಡಿ ಮಾಡಿಸಿದೆವು, 500 ಪ್ರತಿ, ಒಂದಕ್ಕೆ 14 ರೂಪಾಯಿ. ಅದರಿಂದ ಏನೂ ಆಗಲಿಲ್ಲ.

ಮೂರನೇ ಸಲ ಎಲ್ಲ ತಿರುವಿ ಹಾಕಿದೆ. ಹಾಲ್ ಬೇಡ, ಅಂಗನವಾಡಿ ಸಾಕು. ಒಂದು ತಂಡದಲ್ಲಿ ಎಂಟೇ ಜನ. ನಾಲ್ಕು ತಿಂಗಳಲ್ಲಿ ಐದು ಕೂಟ, ಒಂದೊಂದೂ ಎರಡೂವರೆ ಗಂಟೆ. ಮೊದಲ ಎರಡು ಕೂಟಗಳಲ್ಲಿ ಬೇರೆಯವರ ದುಃಖದ ಮಾತೇ ಇಲ್ಲ. ಅವರವರ ಮನೆಯ ಸಾವಿನ ಮಾತು ಮಾತ್ರ. ವೃತ್ತವಾಗಿ ಕೂರಿಸಿ "ಹೇಳಿ" ಅಂದರೆ ಯಾರೂ ಹೇಳುವುದಿಲ್ಲ, ಹೇಳಿದರೂ ಭಾಷಣವಾಗುತ್ತದೆ. ಹಾಗಾಗಿ ಐದು ಕಿಲೋ ಶೇಂಗಾ ತಂದು ಮೊರದಲ್ಲಿ ಸುರಿದೆ. ಇಬ್ಬಿಬ್ಬರು ಎದುರುಬದುರು ಕೂತು ಸುಲಿಯಬೇಕು. ಕೈಗೆ ಕೆಲಸ ಇದ್ದು ಕಣ್ಣು ಕೆಳಗಿದ್ದಾಗ ಮಾತು ತಾನಾಗಿ ಬರುತ್ತದೆ ಅನ್ನುವುದು ನಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕೇಳುವವಳಿಗೆ ಒಂದೇ ಕಟ್ಟಳೆ: ಸಮಾಧಾನ ಹೇಳಬಾರದು. ಮೊದಲ ದಿನ ಕಾಲು ಗಂಟೆ ಬರೀ ಸಿಪ್ಪೆ ಒಡೆಯುವ ಸದ್ದು. ಆಮೇಲೆ ಒಬ್ಬಳು ಶುರುಮಾಡಿದಳು. ಜೋಡಿ ಹೇಗೆ ಹಾಕುತ್ತೇನೆ, ಮೊದಲ ಪ್ರಶ್ನೆ ಯಾವುದು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಇನ್ನೊಂದು ಕೈಪಿಡಿಯಾಗುತ್ತದೆ. ಬೇಕಾದವರು ಬಂದು ಕೂತು ಕಲಿಯಲಿ.

ಇನ್ನೊಂದು ಬದಲಾವಣೆ ಭೇಟಿಯ ಲೆಕ್ಕದಲ್ಲಿ. ಮಣ್ಣಿನ ದಿನ ಊರೆಲ್ಲ ಇರುತ್ತದೆ, ನಮ್ಮವರ ಅಗತ್ಯವಿಲ್ಲ. ಆಗ ಹೋದರೆ ನೀರು ತುಂಬಿಸುವುದು, ಮಕ್ಕಳಿಗೆ ಉಣ್ಣಿಸುವುದು, ಅಷ್ಟೆ. 21 ದಿನದೊಳಗೆ ಮರಣ ನೋಂದಣಿ ಆಗುವ ಹಾಗೆ ನೋಡಿಕೊಳ್ಳುವುದೂ ಆ ಹೊತ್ತಿನ ಕೆಲಸ. ಅದು ತಪ್ಪಿದರೆ ವಿಧವಾ ವೇತನ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ, ರಾಷ್ಟ್ರೀಯ ಕುಟುಂಬ ನೆರವಿನ 20 ಸಾವಿರ ಎಲ್ಲವೂ ತಡವಾಗುತ್ತವೆ. ರೈತರ ಆತ್ಮಹತ್ಯೆಯ ಮನೆಯಾದರೆ 5 ಲಕ್ಷದ ಪರಿಹಾರಕ್ಕೆ ಎಫ್‌ಐಆರ್, ಮರಣೋತ್ತರ ವರದಿ, ಸಾಲದ ಕಾಗದ. ಪ್ರತಿ ಕಾಗದಕ್ಕೂ ಆ ಹೆಂಗಸು ಗಂಡ ಸತ್ತದ್ದು ಹೇಗೆಂದು ಇನ್ನೊಬ್ಬ ಗಂಡಸಿನ ಮುಂದೆ ಹೇಳಬೇಕು. ಜತೆಗೆ ನಿಲ್ಲುವುದೇ ಅಲ್ಲಿ ದೊಡ್ಡ ಸಾಂತ್ವನ.

ನಿಜವಾದ ಭೇಟಿ ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ. ವಾರ ಕಳೆದ ಮೇಲೆ ಒಂದು, ಎರಡು ತಿಂಗಳಾದ ಮೇಲೆ ಇನ್ನೊಂದು, ಆಮೇಲೆ ಮೊದಲ ದೊಡ್ಡ ಹಬ್ಬದ ಮುನ್ನಾದಿನ. ನಮ್ಮ ಕಡೆ ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ತೀರಿದ ಮನೆಗೆ ಆ ಪಂಚಮಿ ಬರುವಷ್ಟು ಭಾರವಾಗಿ ಇನ್ನೊಂದು ದಿನ ಬರುವುದಿಲ್ಲ.

ಬ್ಯಾಡಗಿ ಕಡೆಯ ಒಂದು ಮನೆಗೆ ನಾನೂ ಜತೆಗೆ ಹೋಗಿದ್ದೆ. ಆ ಮನೆಯ ಹೆಣ್ಣುಮಗಳ ಗಂಡ ತೀರಿ ಎರಡು ತಿಂಗಳಾಗಿತ್ತು. ಆಕೆ ಒಲೆ ಮುಂದೆ ಕೂತು, "ಇನ್ನೂ ಎರಡು ರೊಟ್ಟಿ ಹೆಚ್ಚಿಗೇ ಬಡಿತೀನ್ರಿ. ಕೈ ಕೇಳೂದಿಲ್ಲ" ಅಂದಳು. ನಮ್ಮ ಆಶಾ ಬಾಯಿ ತೆರೆದಳು. "ಧೈರ್ಯ ತಗೋ" ಬರುತ್ತದೆ ಎಂದು ನನ್ನ ಎದೆ ಡವಗುಟ್ಟಿತು. ಅವಳು ಬಾಯಿ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಪಲ್ಯಾ ಸೇರ್ತಿತ್ತು ಅವರಿಗೆ?" ಎಂದು ಕೇಳಿದಳು. ಆಕೆ ಪುಂಡಿಪಲ್ಯೆಯಿಂದ ಹಿಡಿದು ಮದುವೆಯ ದಿನದವರೆಗೆ ಮುಕ್ಕಾಲು ಗಂಟೆ ಮಾತಾಡಿದಳು. ನಡುವೆ ಅತ್ತಳು, ಒಮ್ಮೆ ನಕ್ಕಳು. ಹೊರಡುವಾಗ ಆ ಎರಡು ರೊಟ್ಟಿ ನಮ್ಮಿಬ್ಬರ ಕೈಗಿಟ್ಟಳು. ನಮ್ಮ ತರಬೇತಿ ಗೆದ್ದದ್ದು ಆ ಒಲೆಯ ಮುಂದೆ ಎಂದೇ ನಾನು ಹೇಳುವುದು.

ದುಡ್ಡಿನ ವಿಷಯದಲ್ಲೂ ಒಂದು ಸಲ ಎಡವಿದೆ. ಕಾರ್ಯಕರ್ತೆಯರಿಗೆ ಪುಕ್ಕಟೆ ದುಡಿಮೆ ಹೊರಿಸುವುದು ತಪ್ಪು ಎಂದು ಹಟ ಹಿಡಿದು ಭೇಟಿಗೆ 150 ರೂಪಾಯಿ ಕೊಡಿಸಿದೆ. ಎರಡೇ ತಿಂಗಳಲ್ಲಿ ಭೇಟಿಗಳು ಮೂರು ಪಟ್ಟಾದವು. ಎಲ್ಲವೂ ಐದೈದು ನಿಮಿಷದವು. ದೋಷ ಅವರದ್ದಲ್ಲ, ನಾನು ಎಣಿಸಿದ ರೀತಿಯದ್ದು. ಈಗ ಭೇಟಿಗೆ ಕೊಡುವುದಿಲ್ಲ; ಕೂಟಕ್ಕೆ ಬಂದು ಒಂದು ಮನೆಯ ಕಥೆಯನ್ನು ಪೂರ್ತಿ ಹೇಳಿದ್ದಕ್ಕೆ 300. ಕೂತವರಿಗೆ ಮಾತ್ರ ಹೇಳಲು ಕಥೆ ಇರುತ್ತದೆ. ಪ್ರಯಾಣ, ಚಹಾ, ಶೇಂಗಾ ಎಲ್ಲ ಸೇರಿ ಒಂದು ತಂಡಕ್ಕೆ ಹದಿನೈದು ಸಾವಿರದ ಆಸುಪಾಸು. ಇಲ್ಲಿಯವರೆಗೆ ಒಂಬತ್ತು ತಂಡ, ಎಪ್ಪತ್ತಕ್ಕೆ ಸ್ವಲ್ಪ ಕಡಿಮೆ ಜನ. ಬಿಟ್ಟವರು ಏಳೆಂಟು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಾಡಿಕೊಂಡು ಅಳುವ ಇಬ್ಬರು ಅಜ್ಜಿಯರನ್ನು ಕೂಟಕ್ಕೆ ಕರೆದೆ. ಸತ್ತವರ ಗುಣ ಒಂದೊಂದಾಗಿ ಎತ್ತಿ ಹಾಡುವ ಆ ರೀತಿಯಲ್ಲಿ, ನಾವು ಕಲಿಸಲು ಹೆಣಗುತ್ತಿದ್ದುದೆಲ್ಲ ಮೊದಲೇ ಇತ್ತು. ಆಸೆಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೋದೆ. ಮೊಬೈಲ್ ಕಂಡದ್ದೇ ಅಜ್ಜಿಯ ದನಿ ಬದಲಾಯಿತು, ಅಳು ಹೋಗಿ ಹಾಡಷ್ಟೇ ಉಳಿಯಿತು. ಅಳಿಸಿಹಾಕಿದೆ. ಗಂಡಸರಿಗೆಂದು ಸಂಜೆ ಸಭೆ ಕರೆದರೆ ಯಾರೂ ಬರಲಿಲ್ಲ. ಆಮೇಲೆ ಒಂದೆರಡು ಊರಿನ ವಾಟರ್‌ಮನ್‌ಗಳನ್ನು ತಯಾರು ಮಾಡಿದೆ. ದಿನಾ ಓಣಿ ಓಣಿ ತಿರುಗುವವರು, ವಾಲ್ವ್ ತಿರುಗಿಸುತ್ತಾ ನಿಂತು ಮಾತಾಡಬಲ್ಲರು. ಅದು ಇನ್ನೂ ಹದಕ್ಕೆ ಬಂದಿಲ್ಲ, ಆದರೆ ನಾನು ಬಿಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ. "ನಾನೂ ಅವರ ಹಿಂದೇ ಹೋಗ್ತೀನಿ" ಎಂಬ ಮಾತು ಬಂದರೆ ಅದೇ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್, ಮನೆಯಲ್ಲಿ ಒಬ್ಬರು ಜತೆಗೆ, ಹತ್ತಿರದ ಡಾಕ್ಟರು. ಆರು ತಿಂಗಳು ದಾಟಿದರೂ ಊಟ, ನಿದ್ದೆ, ದುಡಿಮೆ ಏನೂ ಮರಳದಿದ್ದರೆ ಮಂಗಳವಾರದ ಶಿಬಿರ. ಅದು ಶೇಂಗಾ ಸುಲಿಯುತ್ತ ಕೂರುವ ಹೊತ್ತಲ್ಲ.

ಈ ಪಂಚಮಿಗೆ ನಮ್ಮ ಪಟ್ಟಿಯಲ್ಲಿ 14 ಮನೆಗಳಿವೆ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ಸಿಹಿ ಉಂಡಿ ಕಟ್ಟುವುದಿಲ್ಲ, ಅಕ್ಕಪಕ್ಕದವರೇ ಕೊಡಬೇಕು. ಕಳೆದ ಕೂಟದಲ್ಲಿ ಸುಲಿದ ಶೇಂಗಾವನ್ನು ಒಬ್ಬಳು ಸೆರಗಿಗೆ ಕಟ್ಟಿಕೊಂಡು ಹೋದಳು, ಆ ಮನೆಗಳಿಗೆ ತಾನೇ ಉಂಡಿ ಮಾಡಿ ಒಯ್ಯುತ್ತಾಳಂತೆ. ಮೊದಲ ತರಬೇತಿಯ ದಿನ ಗೋಡೆಗೆ ಆತು ಕುಸಿದಿದ್ದವಳು ಅವಳೇ.