ಎಂಜಿನಿಯರಿಂಗ್ ಆಯ್ತು, ಎಂಬಿಎಗೆ ಹೊರಡುವುದು ಹೇಗೆ?

ಕೊಡಗಿನಲ್ಲಿ ಬಿ.ಇ. ಓದಿದವರ ಮನೆಯಲ್ಲಿ ಎಂಬಿಎ ಮಾತು ಸಾಮಾನ್ಯವಾಗಿ ಎರಡು ಸಲ ಬರುತ್ತದೆ. ಒಮ್ಮೆ, ಕೊನೆಯ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಸೆಲೆಕ್ಷನ್ ಕೈತಪ್ಪಿದಾಗ. ಇನ್ನೊಮ್ಮೆ, ಬೆಂಗಳೂರಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ ಬೇಜಾರಾದಾಗ. ಮೊದಲ ಸಲ ಬಂದಾಗ ಸ್ವಲ್ಪ ತಡೆಯಿರಿ. ಎರಡನೇ ಸಲ ಬಂದಾಗ ಕುಳಿತು ಲೆಕ್ಕ ಹಾಕಿ.

ತಡೆಯಿರಿ ಅನ್ನುವುದಕ್ಕೆ ಕಾರಣ ಇದೆ. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಎಂಜಿನಿಯರಿಂಗ್ ಮುಗಿಸಿ ನೇರವಾಗಿ ಎಂಬಿಎ ತರಗತಿಗೆ ಹೋದರೆ, ಅಲ್ಲಿ ಹೇಳುವ ಮಾರ್ಕೆಟಿಂಗ್, ಫೈನಾನ್ಸ್ ಎಲ್ಲ ಮತ್ತೊಂದು ಸಿಲಬಸ್ ಆಗಿಬಿಡುತ್ತದೆ. ಒಂದು ಕಂಪನಿಯಲ್ಲಿ ಸಂಬಳ ಹೇಗೆ ಬರುತ್ತದೆ, ಗ್ರಾಹಕ ಯಾಕೆ ಬೈತಾನೆ ಅಂತ ನೋಡಿದವರಿಗೆ ಅದೇ ಪಾಠ ಬೇರೆ ಥರ ಕೇಳುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ, ಅಂದರೆ ಐಐಎಂನಂಥ ಕಡೆ ಆಯ್ಕೆ ಮಾಡುವಾಗ ಕೆಲಸದ ಅನುಭವಕ್ಕೆ ಅಂಕವೂ ಇದೆ.

ಮೊದಲು ಹಳೆಯ ಅಂಕಪಟ್ಟಿ ತೆಗೆಯಿರಿ

ತುಂಬಾ ಜನ ಇದನ್ನು ಕೊನೆಗೆ ನೋಡುತ್ತಾರೆ. ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ಪದವಿಯಲ್ಲಿ ಶೇ 50 ಅಂಕ ಸಾಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಶೇ 45. ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು. ಆದರೆ ಬರೆಯುವುದು ಬೇರೆ, ಸಂದರ್ಶನಕ್ಕೆ ಕರೆ ಬರುವುದು ಬೇರೆ. ಬೆಂಗಳೂರು ಐಐಎಂ ಕರೆ ಕೊಡುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 65 ಬಂದಿದ್ದರೆ ಕ್ಯಾಟ್‌ನಲ್ಲಿ ಎಷ್ಟು ಗುದ್ದಾಡಿದರೂ ಆ ಬಾಗಿಲು ಕಷ್ಟ. ಇನ್ನೊಂದು ವಿಷಯ. ತರಗತಿ ತುಂಬ ಎಂಜಿನಿಯರ್‌ಗಳೇ ತುಂಬಿಕೊಳ್ಳುತ್ತಾರೆ ಅಂತ ಕೆಲವು ಐಐಎಂಗಳು ಬೇರೆ ಪದವಿಯವರಿಗೆ ಹೆಚ್ಚುವರಿ ಅಂಕ ಕೊಡುತ್ತವೆ. ನಮಗೆ ಅದು ಸಿಗುವುದಿಲ್ಲ. ಅನ್ಯಾಯ ಅನ್ನಿಸಬಹುದು, ಆದರೆ ನಿಯಮ ಅದು.

ಮೀಸಲಾತಿ ಇರುವವರು ಈಗಲೇ ತಾಲೂಕು ಕಚೇರಿಗೆ ಹೋಗಿ ಬನ್ನಿ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿ ಇರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕು ಅಂತೇನಿಲ್ಲ, ಅದನ್ನೂ ನೋಡಿಕೊಳ್ಳಿ.

ಯಾವ ಪರೀಕ್ಷೆ?

ಐಐಎಂಗಳಿಗೆ ಕ್ಯಾಟ್. ಜಮ್‌ಶೆಡ್‌ಪುರದ ಖಾಸಗಿ ಸಂಸ್ಥೆ ಎಕ್ಸ್‌ಎಲ್‌ಆರ್‌ಐಗೆ ಜನವರಿಯಲ್ಲಿ ನಡೆಯುವ ಕ್ಸಾಟ್. ಕರ್ನಾಟಕದ ವಿಶ್ವವಿದ್ಯಾಲಯಗಳ ಎಂಬಿಎ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ. ಇದನ್ನು ಕಡೆಗಣಿಸಬೇಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕಡಿಮೆ ಖರ್ಚಿನಲ್ಲಿ ಎಂಬಿಎ ಆಗುತ್ತದೆ. ಮನೆಯಿಂದ ಎರಡೂವರೆ ಮೂರು ಗಂಟೆಯ ಬಸ್ ದಾರಿ. ಐದು ವರ್ಷ ದುಡಿದವರಿಗೆ ಬೆಂಗಳೂರು ಐಐಎಂನಲ್ಲೇ ಒಂದು ವರ್ಷದ ಕೋರ್ಸ್ ಇದೆ. ಅದಕ್ಕೆ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕ ನಡೆಯುತ್ತದೆ. ಜಿಮ್ಯಾಟ್ ಅಂಕ ಐದು ವರ್ಷ ಬಾಳಿಕೆ ಬರುತ್ತದೆ, ಕ್ಯಾಟ್ ಅಂಕ ಆ ವರ್ಷಕ್ಕೆ ಮಾತ್ರ.

ತೋಟಕ್ಕೇ ವಾಪಸ್ ಬರುವ ಯೋಚನೆ ಇದ್ದವರಿಗೆ ಬೇರೆ ದಾರಿಯೂ ಉಂಟು. ಬೆಂಗಳೂರಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದಡಿ ಭಾರತೀಯ ಪ್ಲಾಂಟೇಶನ್ (ತೋಟದ ಬೆಳೆ) ನಿರ್ವಹಣಾ ಸಂಸ್ಥೆ, ಅಂದರೆ ಐಐಪಿಎಂ ಇದೆ. ಅಹಮದಾಬಾದ್ ಐಐಎಂನಲ್ಲಿ ಆಹಾರ ಮತ್ತು ಕೃಷಿ ವ್ಯಾಪಾರಕ್ಕೆಂದೇ ಎರಡು ವರ್ಷದ ಕೋರ್ಸ್ ಇದೆ. ನಮ್ಮ ಹುಡುಗರು ಇವುಗಳ ಹೆಸರೇ ಕೇಳಿರುವುದಿಲ್ಲ, ಕಾಫಿ ಮಾತ್ರ ದಿನಾ ಕುಡಿಯುತ್ತಾರೆ.

ಓದು ಮಳೆಗಾಲದಲ್ಲಿ, ಪರೀಕ್ಷೆ ಕುಯ್ಲಿನಲ್ಲಿ

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅಂದರೆ ಓದಬೇಕಾದ ತಿಂಗಳುಗಳಲ್ಲಿ ಇಲ್ಲಿ ಜಡಿಮಳೆ, ಕರೆಂಟ್ ಇಲ್ಲ, ನೆಟ್ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಅರೇಬಿಕಾ ಕುಯ್ಲು ಶುರು, ಕೆಲವು ವರ್ಷ ಸುಗ್ಗಿಯ ಹಬ್ಬ ಹುತ್ತರಿಯೂ ಅದೇ ವಾರ. ಊರಲ್ಲಿದ್ದು ಓದುವವರು ವಿಡಿಯೊ ಪಾಠಗಳನ್ನು ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಪುಸ್ತಕ ಕೈಯಲ್ಲಿರಲಿ. ಮಾಕ್ ಟೆಸ್ಟ್‌ಗಳನ್ನು ಮಾತ್ರ ನೆಟ್ ಗಟ್ಟಿಯಾಗಿರುವ ಕಡೆ ಹೋಗಿ ಬರೆಯಿರಿ. ಕುಯ್ಲಿನ ಹೊತ್ತಿಗೆ ತೋಟದ ಲೆಕ್ಕ ನೋಡುವುದು ನಿಮ್ಮ ಪಾಲಿಗೆ ಇಲ್ಲ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನವೆಂಬರ್‌ನಲ್ಲಿ ಹೇಳಿದರೆ ಜಗಳ.

ಪರೀಕ್ಷೆಯಲ್ಲಿ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಇತ್ತೀಚೆಗೆ ಒಟ್ಟು 66ರಿಂದ 68 ಪ್ರಶ್ನೆ. ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ಗಣಿತ ನೋಡಿ ಎಂಜಿನಿಯರ್‌ಗಳು ಹೆದರುವುದಿಲ್ಲ, ಅದು ಹೈಸ್ಕೂಲ್ ಮಟ್ಟದ್ದೇ. ಮುಗ್ಗರಿಸುವುದು ಇಂಗ್ಲಿಷ್ ಓದಿನಲ್ಲಿ. ತತ್ವಶಾಸ್ತ್ರ, ಇತಿಹಾಸ, ಸಮಾಜ ಅಂತ ನಾಲ್ಕು ಉದ್ದನೆಯ ಬರಹ ಕೊಡುತ್ತಾರೆ. ನಾಲ್ಕು ವರ್ಷ ಸರ್ಕ್ಯೂಟ್ ಮಾತ್ರ ನೋಡಿದವರಿಗೆ ಎರಡನೇ ಪ್ಯಾರಾದಲ್ಲೇ ನಿದ್ದೆ. ಇದಕ್ಕೆ ಶಾರ್ಟ್‌ಕಟ್ ಇಲ್ಲ, ಆರು ತಿಂಗಳು ದಿನಾ ಒಂದು ಗಂಟೆ ಓದಬೇಕು. ಎಲ್ಲ ಪ್ರಶ್ನೆಗೂ ಕೈ ಹಾಕುವ ಅಗತ್ಯ ಇಲ್ಲ. ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧ ಬಂದವರು 99 ಪರ್ಸೆಂಟೈಲ್ ದಾಟಿದ್ದಾರೆ, ಅಂದರೆ ಬರೆದವರಲ್ಲಿ ನೂರಕ್ಕೆ 99 ಜನರಿಗಿಂತ ಮುಂದೆ.

ಸೆಂಟರ್ ಆಯ್ಕೆಯಲ್ಲಿ ಮೈಸೂರು ಅಥವಾ ಮಂಗಳೂರು ಹಾಕಿ. ಬೆಳಗಿನ ಪಾಳಿ 8.30ಕ್ಕೆ. ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಹಿಂದಿನ ದಿನವೇ ಹೋಗಿ ಉಳಿಯಿರಿ. ಮಂಜಿನಲ್ಲಿ ಬೆಳಗಿನ ಜಾವ ಗಾಡಿ ಓಡಿಸಿಕೊಂಡು ಹೋಗುವ ಸಾಹಸ ಬೇಡ.

ದುಡ್ಡಿನ ಮಾತು

ಬೆಂಗಳೂರು ಐಐಎಂನ ಎರಡು ವರ್ಷದ ಫೀಸು 20 ಲಕ್ಷ ದಾಟುತ್ತದೆ. ಅದರ ಜೊತೆ ಬಿಟ್ಟ ಸಂಬಳ ಸೇರಿಸಿ. ತಿಂಗಳಿಗೆ 40 ಸಾವಿರ ಬರುತ್ತಿದ್ದರೆ ಎರಡು ವರ್ಷಕ್ಕೆ 9.6 ಲಕ್ಷ. 20 ಲಕ್ಷ ಸಾಲವನ್ನು ಶೇ 9 ಬಡ್ಡಿಗೆ ಹತ್ತು ವರ್ಷ ತೀರಿಸಿದರೆ ಕಂತು ತಿಂಗಳಿಗೆ ಸುಮಾರು 25,300 ರೂಪಾಯಿ. ಓದುವಾಗ ಕಂತು ಕಟ್ಟಬೇಕಿಲ್ಲ ನಿಜ, ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ, ಅದು ಅಸಲಿಗೆ ಸೇರುತ್ತದೆ.

ಕೊಡಗಿನವರಿಗೆ ಇಲ್ಲೊಂದು ವಿಶೇಷ ತೊಡಕು. ತೋಟ ಇದೆ, ಅಡ ಇಟ್ಟರಾಯ್ತು ಅಂದುಕೊಳ್ಳುತ್ತೇವೆ. ಜಮ್ಮಾ ಜಾಗ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗವಾದರೆ ಆರ್‌ಟಿಸಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರರ ಹೆಸರೇ ಇರುತ್ತದೆ. ಕೆಳಗೆ ಕುಟುಂಬದವರ ಸಾಲು. ಬ್ಯಾಂಕಿನವರು "ಇದರಲ್ಲಿ ನಿಮ್ಮಪ್ಪನ ಪಾಲು ಯಾವುದು?" ಅಂತ ಕೇಳಿದರೆ ಕಾಗದದಲ್ಲಿ ಉತ್ತರ ಇರುವುದಿಲ್ಲ. ಪಾಲುದಾರರ ಒಪ್ಪಿಗೆ, ಸಹಿ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ಕ್ಯಾಟ್ ಅರ್ಜಿ ಹಾಕಿದ ವಾರವೇ ಈ ಕಾಗದ ತೆಗೆಸಿ ನೋಡಿ. ಅಥವಾ ಅಡಮಾನವೇ ಬೇಡದ ದಾರಿ ಹಿಡಿಯಿರಿ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ ಕಾಲೇಜು ದೊಡ್ಡ ಫೀಸು ಕೇಳಿದರೆ ನನ್ನ ಸಲಹೆ ಒಂದೇ: ಆ ಸಾಲ ಬೇಡ.

ಸಂದರ್ಶನ

"ಎಂಜಿನಿಯರಿಂಗ್ ಓದಿ ಎಂಬಿಎ ಯಾಕೆ?" ಅಂತ ಕೇಳಿಯೇ ಕೇಳುತ್ತಾರೆ. "ಲೀಡರ್‌ಶಿಪ್ ಕಲಿಯಬೇಕು" ಅಂದರೆ ಅವರಿಗೂ ಬೇಜಾರು. ಫಾರಂನಲ್ಲಿ ಕೊಡಗು ಅಂತ ಕಂಡ ತಕ್ಷಣ ಕಾಫಿಯ ಪ್ರಶ್ನೆ ಬರಬಹುದು. ತಯಾರಾಗಿರಿ. ಅರೇಬಿಕಾ ಬೆಲೆ ನ್ಯೂಯಾರ್ಕ್ ಮಾರುಕಟ್ಟೆ ನೋಡಿ ಏರಿಳಿಯುತ್ತದೆ, ರೊಬಸ್ಟಾ ಲಂಡನ್ ನೋಡಿ. 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಅನ್ನುವ ಔಟ್‌ಟರ್ನ್ ಲೆಕ್ಕದಲ್ಲಿ ವ್ಯಾಪಾರಿ ರೇಟು ಕಟ್ಟುತ್ತಾನೆ. 28 ಬಂದರೂ 26 ಅಂತ ಹಿಡಿದರೆ ಚೀಲಕ್ಕೆ 2 ಕೆ.ಜಿ. ಬೀಜ ಬೆಳೆಗಾರನ ಕೈಬಿಟ್ಟಿತು. ಇದನ್ನು ನಿಮ್ಮ ಮನೆಯ ಅಂಗಳದಲ್ಲಿ ನೋಡಿದ್ದರೆ, ನೋಡಿದ ಹಾಗೇ ಹೇಳಿ. ಕಾಫಿ ಬಗ್ಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಓದಿದ ಬ್ರಾಂಚ್‌ನ ಮೂಲ ಪಾಠ ಮಾತ್ರ ಮರೆತಿರಬಾರದು. ಮೆಕ್ಯಾನಿಕಲ್ ಓದಿ ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಹೇಳಲಾಗದಿದ್ದರೆ ಉಳಿದ ಮಾತು ಯಾರೂ ನಂಬುವುದಿಲ್ಲ.

ಸೀಟು ಸಿಕ್ಕ ಸುದ್ದಿ ಏಪ್ರಿಲ್, ಮೇ ಹೊತ್ತಿಗೆ ಬರುತ್ತದೆ, ತರಗತಿ ಜೂನ್‌ನಲ್ಲಿ. ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ 60ರಿಂದ 90 ದಿನ. ಎಷ್ಟು ದಿನ ಕಡಿಮೆ ಮಾಡುತ್ತಾರೆ, ಉಳಿದ ದಿನಕ್ಕೆ ಎಷ್ಟು ದುಡ್ಡು ಹಿಡಿಯುತ್ತಾರೆ ಅಂತ ಎಚ್‌ಆರ್‌ನವರನ್ನು ಫೆಬ್ರುವರಿಯಲ್ಲೇ ಮೆತ್ತಗೆ ವಿಚಾರಿಸಿಟ್ಟುಕೊಳ್ಳಿ. ರಾಜೀನಾಮೆ ಮಾತ್ರ ಆಫರ್ ಪತ್ರ ಕೈಗೆ ಬಂದ ಮೇಲೆ.