ಹಳೇ ಕಾರಿನಲ್ಲಿ ಘಾಟಿ ಹತ್ತುವುದು ಹೇಗೆ?

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಭಾನುವಾರ ಹಾಸನದಲ್ಲಿ ಅದನ್ನು ಹೊರಗೆ ತೆಗೆದರೆ ಸಾಕು, ಪಕ್ಕದ ಗಾಡಿಯವರು ಗಾಜು ಇಳಿಸಿ ಕೇಳುವುದು ಎರಡೇ ಪ್ರಶ್ನೆ. ‘ಎಷ್ಟಕ್ಕೆ ಕೊಡ್ತೀರಾ?’ ಮತ್ತು ‘ಇದ್ರಲ್ಲಿ ಘಾಟಿ ಹತ್ತಬಹುದಾ?’ ಮೊದಲನೆಯದಕ್ಕೆ ನಾನು ಸುಮ್ನೆ ನಗುತ್ತೇನೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ಸಿಗ್ನಲ್‌ನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಹತ್ತಬಹುದು. ಪದ್ಮಿನಿ, ಅಂಬಾಸಿಡರ್, ವಿಲ್ಲಿಸ್ ಜೀಪು, ಎಲ್ಲವೂ ಇದೇ ಮಲೆನಾಡಿನಲ್ಲಿ, ಈಗಿನದಕ್ಕಿಂತ ಕೆಟ್ಟ ರಸ್ತೆಗಳಲ್ಲಿ, ಮಂದಿ ಮೂಟೆ ಹೇರಿಕೊಂಡು ಓಡಾಡಿದ ಗಾಡಿಗಳೇ. ಪದ್ಮಿನಿಯ ಎಂಜಿನ್ 1089 ಸಿಸಿ, ಸುಮಾರು 40 ಅಶ್ವಶಕ್ತಿ. ಅಂಬಾಸಿಡರಿನ ಹಳೇ ಪೆಟ್ರೋಲ್ ಎಂಜಿನ್ 1489 ಸಿಸಿ. ಇಂದಿನ ಸಣ್ಣ ಕಾರಿನ ಮುಂದೆ ಇದು ಏನೂ ಅಲ್ಲ, ಆದರೂ ನಿಧಾನಕ್ಕೆ ಹತ್ತುತ್ತವೆ. ಕಾಟ ಕೊಡುವುದು ಏರುವಾಗ ಬಿಸಿ, ಇಳಿಯುವಾಗ ಬ್ರೇಕು. ಅದಕ್ಕಿಂತ ಜಾಸ್ತಿ ಕಾಟ ಕೊಡುವುದು ಹೊರಡುವ ಹಿಂದಿನ ದಿನ ನಾವು ಮಾಡುವ ರಿಪೇರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದ ಪತ್ರ

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆ, ಹೊಗೆ ತಪಾಸಣೆ ಚೀಟಿ ಚಾಲ್ತಿಯಲ್ಲಿರಲಿ.

ಇಲ್ಲೊಂದು ಎಡವಟ್ಟು ಆಗುವ ಜಾಗ ಇದೆ. 50 ವರ್ಷ ದಾಟಿದ ಕಾರುಗಳಿಗೆಂದು 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರ ಇರುವ ನಂಬರ್ ಸಿಗುತ್ತದೆ, 10 ವರ್ಷ ನಡೆಯುತ್ತದೆ. ನೋಡಲು ಗತ್ತು. ಆದರೆ ಈ ನಂಬರಿನ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರೂರು ಸುತ್ತುವುದಕ್ಕಲ್ಲ. ಸುತ್ತುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಿ.

ಒಂದು ತಿಂಗಳ ಮೊದಲು ಕೆಲಸ ಮುಗಿಸಿ

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಮುಳ್ಳಯ್ಯನಗಿರಿಗೆ ಹೊರಟಿದ್ದೆವು. ಹಿಂದಿನ ಸಂಜೆ ಡಿಸ್ಟ್ರಿಬ್ಯೂಟರಿಗೆ, ಅಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಗೆ, ನಾನೇ ಹೊಸ ಪಾಯಿಂಟ್ ಹಾಕಿದ್ದೆ. ಬಾಯಿ ಮುಚ್ಚಿ ತೆರೆದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು ಅದು. ಪ್ರವಾಸಕ್ಕೆ ಹೊಸಬಟ್ಟೆ ತೊಡಿಸಿದಷ್ಟು ಖುಷಿ. ಬೇಲೂರು ದಾಟಿತು, ಚಿಕ್ಕಮಗಳೂರು ದಾಟಿತು. ಕೈಮರ ಬಿಟ್ಟು ಏರು ಶುರುವಾಗುತ್ತಿದ್ದಂತೆ ಕಾರು ಕೆಮ್ಮತೊಡಗಿತು. ಎರಡನೇ ಗೇರ್ ಎಳೆಯಲಿಲ್ಲ, ಮೊದಲನೇ ಗೇರೂ ಎಳೆಯಲಿಲ್ಲ. ನಿಂತೇ ಹೋಯಿತು. ನಾನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿದೆ. ಮುಕ್ಕಾಲು ಗಂಟೆ ಹೋಯಿತು. ಕೈಯೆಲ್ಲ ಪೆಟ್ರೋಲ್. ಹಿಂದಿನ ಸೀಟಿನಲ್ಲಿ ಅಮ್ಮ ಚಕ್ಕುಲಿ ಡಬ್ಬ ತೆಗೆದು ಎಲ್ಲರಿಗೂ ಹಂಚಿದರು. ಅಂದರೆ ಅವರಿಗೆ ಭರವಸೆ ಹೋಗಿತ್ತು ಎಂದು ಅರ್ಥ.

ಮೇಲಿನಿಂದ ಒಂದು ಎಸ್ಟೇಟ್ ಜೀಪು ಇಳಿದು ಬಂತು. ಓಡಿಸುತ್ತಿದ್ದವರಿಗೆ ಅರವತ್ತರ ಮೇಲಿರಬೇಕು. ಇಳಿದು ಬಂದು ಬಾನೆಟ್ ಒಳಗೆ ನೋಡಿದರು.

‘ಏನಪ್ಪಾ, ಪಾಯಿಂಟ್ ಹೊಸದಾ?’

‘ಹೂಂ, ನಿನ್ನೆ ಹಾಕಿದ್ದು.’

‘ಅದೇ ಮತ್ತೆ.’

ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ತೆಗೆದರು. ಫ್ಯಾನ್ ಹಿಡಿದು ಎಂಜಿನ್ ಅನ್ನು ಇಷ್ಟಿಷ್ಟೇ ತಿರುಗಿಸಿ, ಪಾಯಿಂಟ್ ಪೂರ್ತಿ ಬಾಯಿ ಬಿಡುವ ಜಾಗಕ್ಕೆ ತಂದರು. ಪೂರ್ತಿ ಬಿಟ್ಟರೂ ಅಂತರ ಕೂದಲೆಳೆಯಷ್ಟೇ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ರಟ್ಟಿನ ಒಂದು ಚೂರು ಹರಿದರು. ಸ್ಕ್ರೂ ಸಡಿಲಿಸಿ, ರಟ್ಟನ್ನು ನಡುವೆ ಇಟ್ಟು, ಎಳೆದರೆ ಸ್ವಲ್ಪ ಹಿಡಿಯುವಂತೆ ಮಾಡಿ ಸ್ಕ್ರೂ ಬಿಗಿದರು. ಮುಚ್ಚಳ ಹಾಕಿದರು. ಮೊದಲ ಸಲ ಸೆಲ್ಫ್ ಹೊಡೆದಾಗಲೇ ಕಾರು ಎದ್ದಿತು. ನಾಲ್ಕು ನಿಮಿಷವೂ ಆಗಲಿಲ್ಲ.

ಆಗಿದ್ದು ಇಷ್ಟೆ. ಪಾಯಿಂಟಿನ ಹಿಮ್ಮಡಿ ಎಂಜಿನ್ ಜೊತೆ ತಿರುಗುವ ಒಂದು ಉಬ್ಬಿಗೆ ಸವರುತ್ತಾ ಇರುತ್ತದೆ. ಹೊಸದರಲ್ಲಿ ಅದು ಬೇಗ ಸವೆದು ಕೂರುತ್ತದೆ. ಸವೆದಷ್ಟೂ ಅಂತರ ಮುಚ್ಚಿಕೊಳ್ಳುತ್ತದೆ, ಕಿಡಿ ಸೋಲುತ್ತದೆ. ಉಬ್ಬಿಗೆ ಒಂದು ಚಿಟಿಕೆ ಗ್ರೀಸ್ ಸವರಿದ್ದರೆ ಇಷ್ಟು ಬೇಗ ಸವೆಯುತ್ತಿರಲಿಲ್ಲ. ನಾನು ಸವರಿರಲಿಲ್ಲ. ಇರಬೇಕಾದ ಅಂತರ ಸುಮಾರು 0.4 ಮಿಲಿಮೀಟರ್. ಬೆಂಕಿಪೊಟ್ಟಣದ ರಟ್ಟು ಹತ್ತಿರಹತ್ತಿರ ಅಷ್ಟೇ ದಪ್ಪ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಹೊರಡುವ ದಿನಕ್ಕೆ ಒಂದು ತಿಂಗಳ ಮೊದಲೇ ಎಲ್ಲ ಕೆಲಸ ಮುಗಿಯಬೇಕು. ಕೊನೆಯ ವಾರ ಸ್ಪ್ಯಾನರ್ ಮುಟ್ಟುವಂತಿಲ್ಲ. ಹೊಸ ಹೋಸ್ ಪೈಪಿನ ಕ್ಲಿಪ್ ನಾಲ್ಕು ಸಲ ಬಿಸಿಯಾಗಿ ಆರಿದ ಮೇಲೆ ಇನ್ನೊಂದು ಸುತ್ತು ಬಿಗಿ ಕೇಳುತ್ತದೆ. ಬ್ರೇಕಿನ ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಲು ಒಂದಷ್ಟು ಓಟ ಬೇಕು. ಈ ಸಣ್ಣ ಬುದ್ಧಿಗಳೆಲ್ಲ ಊರಿನಲ್ಲೇ ಹೊರಬೀಳಲಿ.

ಆ ಒಂದು ತಿಂಗಳ ಮೊದಲು ಏನೇನು ನೋಡಬೇಕು? ಮೊದಲು ಪೆಟ್ರೋಲ್ ದಾರಿ. ಈಗ ಬಂಕಿನಲ್ಲಿ ಬರುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಇದು ಆಗಿಬರುವುದಿಲ್ಲ. ಪೈಪುಗಳನ್ನು, ಪೆಟ್ರೋಲ್ ಪಂಪಿನ ಒಳಗಿನ ಪೊರೆಯನ್ನು (ಡಯಾಫ್ರಮ್) ಎಥೆನಾಲ್ ತಡೆಯುವಂಥದಕ್ಕೆ ಬದಲಾಯಿಸಿ. ಎಥೆನಾಲ್ ನೀರನ್ನೂ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ನಂಬಿ ಹೊರಡಬೇಡಿ.

ಆಮೇಲೆ ಬ್ರೇಕ್ ಆಯಿಲ್. ಇದೂ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು 205 ಡಿಗ್ರಿಗೆ. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಕಾರು ಓಡಿರಲಿ ಬಿಡಲಿ.

ಟೈರಿನಲ್ಲಿ ಬಟನ್ ಎಷ್ಟಿದೆ ಎಂದು ನೋಡಿ ಸುಮ್ಮನಾಗಬೇಡಿ. ಹಳೇ ಕಾರಿನ ಟೈರ್ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಎಂದಿದ್ದರೆ 2016ರ 23ನೇ ವಾರ ಮಾಡಿದ್ದು. ಅಂಥದ್ದನ್ನು ಹಾಕಿಕೊಂಡು ಘಾಟಿಗೆ ಹೋಗಬೇಡಿ, ಎಷ್ಟೇ ಚೆನ್ನಾಗಿ ಕಂಡರೂ. ಸೀಟ್ ಬೆಲ್ಟ್ ಇಲ್ಲದಿದ್ದರೆ ಹಾಕಿಸಿ. ಕಾರಿನ ಅಂದ ಕೆಡುತ್ತದೆ ಎನ್ನುವವರ ಮಾತು ಕೇಳಬೇಡಿ.

ಒಂದು ತಾಲೀಮು

ಕೆಲಸ ಮುಗಿದ ವಾರ ಹಾಸನ, ಹಳೇಬೀಡು, ಬೇಲೂರು, ವಾಪಸ್ ಹಾಸನ. 85-90 ಕಿಲೋಮೀಟರ್ ಆಗುತ್ತದೆ. ರಸ್ತೆ ಹೆಚ್ಚುಕಡಿಮೆ ಸಮ. ಎಲ್ಲಿ ನಿಂತರೂ ಬಸ್ಸು ಸಿಗುತ್ತದೆ, ತಳ್ಳುವವರು ಸಿಗುತ್ತಾರೆ. 1117ರ ಚೆನ್ನಕೇಶವ ದೇವಸ್ಥಾನ ನೋಡಲು ಹೋಗುವ ಮುಂಚೆ ಚಕ್ರದ ನಡುಭಾಗಕ್ಕೆ ಅಂಗೈ ಇಡಿ. ನಾಲ್ಕರಲ್ಲಿ ಒಂದೇ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ದೇವಸ್ಥಾನ ನೋಡಿ ಬಂದು ಕಾರಿನ ಕೆಳಗೂ ಒಮ್ಮೆ ಬಗ್ಗಿ ನೋಡಿ.

ಡಿಕ್ಕಿಯಲ್ಲಿ ಏನಿರಬೇಕು

ಫ್ಯಾನ್ ಬೆಲ್ಟ್, ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಮತ್ತು ಪಾಯಿಂಟ್, ಎರಡು ಪ್ಲಗ್, ಮೇಲಿನ ಕೆಳಗಿನ ರೇಡಿಯೇಟರ್ ಹೋಸ್, ಒಂದಷ್ಟು ಕ್ಲಿಪ್, ಫ್ಯೂಸ್, ವೈರು, ಇನ್ಸುಲೇಷನ್ ಟೇಪು, ಐದು ಲೀಟರ್ ನೀರು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಎಳೆಯುವ ಹಗ್ಗ. ಸ್ಟೆಪ್ನಿ ಜೊತೆ ಒಂದು ಟ್ಯೂಬ್ ಇರಲಿ. ಪದ್ಮಿನಿಯ 14 ಇಂಚಿನ, ಅಂಬಾಸಿಡರಿನ 15 ಇಂಚಿನ ಆ ಅಳತೆಯ ಟ್ಯೂಬ್ ಈಗ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಹಳೇ ಕಾರಿಗೆ ನಾಲ್ಕೂ ದೀಪ ಒಟ್ಟಿಗೆ ಮಿಣುಕುವ ವ್ಯವಸ್ಥೆ ಇರುವುದಿಲ್ಲ, ಹಾಗಾಗಿ ಕೆಂಪು ತ್ರಿಕೋನ ಬೇಕೇ ಬೇಕು.

ಸ್ಪ್ಯಾನರ್ ನಿಮ್ಮದೇ ಇರಲಿ. ಪದ್ಮಿನಿಯ ನಟ್ಟು ಬೋಲ್ಟು ಮಿಲಿಮೀಟರ್ ಲೆಕ್ಕದ್ದು, ಯಾವ ಗ್ಯಾರೇಜಿನಲ್ಲೂ ನಡೆಯುತ್ತದೆ. ಅಂಬಾಸಿಡರ್ ಬ್ರಿಟಿಷ್ ಕಾರಿನ ಮಗ, ಇಂಚಿನ ಲೆಕ್ಕ. 7/16, 1/2, 9/16 ಸ್ಪ್ಯಾನರ್ ಇಲ್ಲದ ಹುಡುಗ 13ರ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆ ಉರುಟಾಗುತ್ತದೆ.

ಯಾವ ದಾರಿ, ಯಾವ ಕಾಲ

ಮಳೆಗಾಲ ಬೇಡ. ಶಿರಾಡಿ ಘಾಟಿಯಲ್ಲಿ, ಸಕಲೇಶಪುರದ ದೋಣಿಗಾಲ್ ಹತ್ತಿರ ಗುಡ್ಡ ಜರಿಯುವುದು ಹಾಸನದವರಿಗೆ ಹೊಸದಲ್ಲ. ಒಣಗಾಲದಲ್ಲೂ ಮೊದಲ ಪ್ರವಾಸಕ್ಕೆ ಶಿರಾಡಿ ಬೇಡ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರು-ಮಂಗಳೂರು ಲಾರಿಗಳೆಲ್ಲ ಅಲ್ಲೇ. ಹಿಂದೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿದ್ದರೆ ನಮ್ಮ ವೇಗದಲ್ಲಿ ಹೋಗಲು ಆಗುವುದಿಲ್ಲ. ಬೇಕಿದ್ದರೆ ಸಕಲೇಶಪುರದ ಆಚೆ ಮಂಜರಾಬಾದ್ ಕೋಟೆವರೆಗೆ ಹೋಗಿ ವಾಪಸ್ ಬನ್ನಿ. ಚಾರ್ಮಾಡಿಗೆ ಎರಡನೇ ವರ್ಷ ಹೋದರಾಯಿತು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಚಳಿಗೆ ಎಂಜಿನ್ ಹದವಾಗಿರುತ್ತದೆ. ಕಾಫಿ ಕೊಯ್ಲಿನ ಸಮಯ, ಆಳುಗಳನ್ನು ತುಂಬಿಕೊಂಡ ಜೀಪುಗಳು ತಿರುವಿನಲ್ಲಿ ಎದುರಾಗುತ್ತವೆ, ಅಷ್ಟೇ ಹುಷಾರು. ಬೆಳಗಿನ ಮಂಜಿಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಬೆವರು ಕೂತು ಕಾರು ಏಳದೇ ಇರಬಹುದು. ಬ್ಯಾಟರಿ ಖಾಲಿಯಾಗುವ ತನಕ ಸೆಲ್ಫ್ ಹೊಡೆಯಬೇಡಿ. ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಸಾಕು.

ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಿ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಕಾಲದ ಡೈನಮೊ ಇರುವ ಕಾರಿನಲ್ಲಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿ ನಿಧಾನಕ್ಕೆ ಹೋದರೆ ಬ್ಯಾಟರಿಗೆ ಬರುವುದಕ್ಕಿಂತ ಹೋಗುವುದೇ ಜಾಸ್ತಿ.

ಏರುವಾಗ

ಹಾಸನ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯುವುದಿಲ್ಲ, 94ರ ಹತ್ತಿರವೇ ಕುದಿಯುತ್ತದೆ. ರೇಡಿಯೇಟರಿನ ನೀರು ಕುದಿಯದಂತೆ ತಡೆಯುವುದು ಅದರ ಮುಚ್ಚಳ ಹಿಡಿದಿಡುವ ಒತ್ತಡ. ಮುಚ್ಚಳದ ರಬ್ಬರ್ ಸತ್ತಿದ್ದರೆ ನಿಮ್ಮ ರೇಡಿಯೇಟರೂ ತೆರೆದ ಪಾತ್ರೆಯೇ. ಕಡಿಮೆ ದುಡ್ಡಿನ ಸಾಮಾನು, ಹೊಸದು ಹಾಕಿ. ಮೇಲೆ ಗಾಳಿಯೂ ತೆಳು, ಎಂಜಿನ್ ಸ್ವಲ್ಪ ಕಪ್ಪು ಹೊಗೆ ಬಿಟ್ಟು ಸೊರಗುತ್ತದೆ. ಹೆದರಬೇಡಿ.

ಎಂಜಿನ್ ಗೋಳಾಡುವ ಮುಂಚೆ ಗೇರ್ ಇಳಿಸಿ. ಇಂಥ ಹಳೇ ಕಾರುಗಳಲ್ಲಿ ಬಹುಪಾಲಿಗೆ ಮೊದಲ ಗೇರಿಗೆ ಸಿಂಕ್ರೊ, ಅಂದರೆ ಹಲ್ಲುಚಕ್ರಗಳ ವೇಗ ಹೊಂದಿಸಿ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಭಾಗ, ಇರುವುದಿಲ್ಲ. ಓಡುತ್ತಿರುವಾಗ ಹಾಕಿದರೆ ಕರಕರ ಎನ್ನುತ್ತದೆ. ತಿರುವಿನ ಮುಂಚೆಯೇ ಪೂರ್ತಿ ನಿಲ್ಲಿಸಿ ಮೊದಲನೇ ಗೇರಿಗೆ ಹಾಕಿಕೊಂಡು ಹೊರಡುವುದರಲ್ಲಿ ಅವಮಾನ ಏನೂ ಇಲ್ಲ. ಹಿಂದಿನವರಿಗೆ ಕೈ ತೋರಿಸಿ ಮುಂದೆ ಬಿಡಿ.

ಎಂಜಿನ್ ಬಿಸಿ ತೋರಿಸುವ ಸೂಜಿ ಮುಕ್ಕಾಲು ದಾಟಿದರೆ ಗಾಳಿ ಬೀಸುವ ಕಡೆ ಮುಖ ಮಾಡಿ ನಿಲ್ಲಿಸಿ, ಬಾನೆಟ್ ಎತ್ತಿ. ಎಂಜಿನ್ ತಕ್ಷಣ ಆರಿಸಬೇಡಿ. ಎರಡು ನಿಮಿಷ ಸುಮ್ನೆ ಓಡಲಿ, ನೀರು ತಿರುಗುತ್ತಾ ಆರುತ್ತದೆ. ಆದರೆ ನೀರು ಹೊರಗೆ ಚೆಲ್ಲುತ್ತಿದ್ದರೆ ಮಾತ್ರ ಆರಿಸಿಬಿಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಅರ್ಧ ಗಂಟೆ ಟೀ ಕುಡಿಯಿರಿ.

ಟೀ ಕುಡಿದು ಬಂದರೆ ಇನ್ನೊಂದು ಕಾಟ. ಕಾರು ಏಳುವುದಿಲ್ಲ. ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಒಳಗಿನ ಪೆಟ್ರೋಲ್ ಆವಿಯಾಗಿರುತ್ತದೆ, ಪಂಪಿಗೆ ಆವಿ ಎಳೆಯಲು ಬಾರದು. ಒದ್ದೆ ಟವೆಲ್ ಒಂದನ್ನು ಪಂಪಿನ ಮೇಲೆ ಹೊದಿಸಿ ಹತ್ತು ನಿಮಿಷ ಬಿಡಿ. ಹಳೇ ಟ್ಯಾಕ್ಸಿ ಡ್ರೈವರುಗಳ ಉಪಾಯ, ಇವತ್ತಿಗೂ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಇಳಿಯುವಾಗ

ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದರೆ ಪೆಡಲ್ ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಬ್ರೇಕನ್ನು ಉದ್ದಕ್ಕೂ ಮೆಟ್ಟಿಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಿ, ಗಾಳಿಯಾಡಲಿ. ಲೈನರ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಕಾಯಿರಿ. ಬಿಸಿ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ.

ಮನೆಗೆ ಬಂದ ಮೇಲೆ

ಆ ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಎದ್ದು ಕಲೆ ಎಲ್ಲಿ, ಎಂಥದ್ದು ನೋಡಿ. ಮುಂದೆ ಕಪ್ಪಗಿದ್ದರೆ ಎಂಜಿನ್ ಆಯಿಲ್. ಹಿಂದೆ ಅಂಟಂಟಾಗಿ ಗಬ್ಬುನಾತ ಬಂದರೆ ಗೇರ್ ಆಯಿಲ್. ಚಕ್ರದ ಒಳಗಡೆ ಒದ್ದೆ ಕಂಡರೆ ಬ್ರೇಕ್, ಅದನ್ನು ಅವತ್ತೇ ನೋಡಿಸಿ. ಕಳೆದ ತಿಂಗಳು ಕೆಮ್ಮಣ್ಣುಗುಂಡಿಗೆ ಹೋಗಿ ಬಂದಾಗ ನಮ್ಮ ರಟ್ಟಿನ ಮೇಲೆ ಎರಡೇ ಕಲೆ ಇದ್ದವು. ಒಂದು ಗೇರ್ ಬಾಕ್ಸಿನದು. ಇನ್ನೊಂದು ಪಕ್ಕದಲ್ಲಿ ನಿಲ್ಲಿಸಿದ್ದ ಹೆಂಡತಿಯ ಸ್ಕೂಟರಿನದು ಎಂದು ನಾನು ಹೇಳುತ್ತಿದ್ದೇನೆ. ಅವಳು ಒಪ್ಪಿಲ್ಲ.